ನೀವು ಆ ಥರ ಕಾಣೋದೇ ಇಲ್ಲ

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅನ್ನೋ, ಟೇಬಲ್ ಸುತ್ತ ಕೂತು ಕತೆ ಕಟ್ಟುವ ಆಟ ಆಡುತ್ತೇನೆ ಅಂತ ಹೇಳಿದಾಗೆಲ್ಲ ಮುಂಬೈಯಲ್ಲಿ ನನಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. "ಹೌದಾ? ನೀವು ಆ ಥರ ಕಾಣೋದೇ ಇಲ್ವಲ್ಲ!" ಆಫೀಸಿನಲ್ಲಿ ಹೇಳಿದ್ದಾರೆ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಜೊತೆಗೆ ಬರುವವರು ಹೇಳಿದ್ದಾರೆ, ಮಾಟುಂಗಾದ ಮದುವೆ ಹಾಲಿನಲ್ಲಿ ಸಿಕ್ಕ ದೂರದ ನೆಂಟರೂ ಹೇಳಿದ್ದಾರೆ. ಹೇಳುವವರ ಮನಸ್ಸಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಹೊಗಳುತ್ತಿದ್ದೇವೆ ಅಂತಲೇ ಅಂದುಕೊಂಡಿರುತ್ತಾರೆ. ನನಗೆ ಮಾತ್ರ ಆ ಹೊಗಳಿಕೆ ಗಂಟಲಲ್ಲಿ ಇಳಿಯುವುದಿಲ್ಲ.

ಆ ಥರ ಅಂದರೆ ಯಾವ ಥರ? ಕೇಳಿ ನೋಡಿದ್ದೇನೆ. ದಪ್ಪ ಹೊಟ್ಟೆ, ದಪ್ಪ ಗಾಜಿನ ಕನ್ನಡಕ, ಮುಖದ ತುಂಬ ಮೊಡವೆ, ಜಿಡ್ಡುಗಟ್ಟಿದ ಕೂದಲು, ಬಿಸಿಲೇ ಕಾಣದೆ ಬಿಳಿಚಿಕೊಂಡ ಚರ್ಮ, ತೊಳೆಯದ ಕಪ್ಪು ಟೀ ಶರ್ಟ್, ಬೆವರಿನ ವಾಸನೆ. ಇಲ್ಲಾಂದ್ರೆ ಇದಕ್ಕೆ ಪೂರ್ತಿ ಉಲ್ಟಾ, ಗಾಳಿ ಬಂದರೆ ಹಾರಿಹೋಗುವ ಕಡ್ಡಿ ಹುಡುಗ. ಎರಡರಲ್ಲಿ ಯಾವುದಾದರೂ ಸರಿ, ಅವನು ಗಂಡಸೇ. ಹುಡುಗಿಯರ ಜೊತೆ ಮಾತಾಡೋಕೆ ಬಾರದವನು. ಅಮ್ಮನ ಮನೆಯ ಬೇಸ್‌ಮೆಂಟಿನಲ್ಲಿ ಇರುವವನು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇಸ್‌ಮೆಂಟ್! ಮುಂಬೈಯಲ್ಲಿ ಯಾರ ಮನೆಯಲ್ಲಿ ಬೇಸ್‌ಮೆಂಟ್ ಇದೆ? ಇದ್ದರೂ ಜುಲೈ ತಿಂಗಳಲ್ಲಿ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್ ಕಡೆ ರಸ್ತೆಯೇ ಮುಳುಗುವಾಗ ಅದರ ಗತಿ ಏನು? ಒಂದೂವರೆ ರೂಮಿನಲ್ಲಿ ನಾಲ್ಕು ಜನ ಇರುವ ಊರಿನವರು ಬೇಸ್‌ಮೆಂಟಿನ ಹುಡುಗನ ಚಿತ್ರ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಈ ಆಟವನ್ನು ಒಂದು ಸಲವೂ ನೋಡಿದವರಲ್ಲ. ಇಪ್ಪತ್ತು ಮುಖದ ದಾಳವನ್ನು ಕೈಯಲ್ಲಿ ಹಿಡಿದವರೂ ಅಲ್ಲ. ಅಮೆರಿಕದ ಸೀರಿಯಲ್ಲು, ಸಿನಿಮಾ ನೋಡಿ ನೋಡಿ ಚಿತ್ರ ಮೊದಲು ಬಂತು. ಆಟ ನಿಧಾನಕ್ಕೆ ಹಿಂದಿನಿಂದ ಬಂತು, ಎಷ್ಟೋ ಮನೆಗೆ ಇನ್ನೂ ಬಂದಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಟೇಬಲ್ ಸುತ್ತ ನಾಲ್ಕೈದು ಜನ ಕೂರುತ್ತೇವೆ. ಒಬ್ಬರು ಡಿಎಂ (ಡಂಜನ್ ಮಾಸ್ಟರ್), ಅಂದರೆ ಕತೆ ನಡೆಸುವವರು. ನಮ್ಮಲ್ಲಿ ಬಹುತೇಕ ನಾನೇ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. ಆ ಪಾತ್ರದ ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅಂತ ಆರು ಗುಣಕ್ಕೆ ಆರು ಅಂಕಿ. ಡಿಎಂ ಸನ್ನಿವೇಶ ಹೇಳುತ್ತಾರೆ, ಆಡುವವರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಬಾಯಲ್ಲಿ ಹೇಳುತ್ತಾರೆ, ಆಗುತ್ತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಅಷ್ಟೇ. ಕಂಪ್ಯೂಟರ್ ಬೇಡ, ವೇಷ ಬೇಡ. ಮಾತು ಬೇಕು.

ಹಾಗಾದರೆ ಆ ಚಿತ್ರ ಎಲ್ಲಿಂದ ಹುಟ್ಟಿತು? ಆಟ ಹುಟ್ಟಿದ ಜಾಗ ನೋಡಿದರೆ ಸ್ವಲ್ಪ ತಿಳಿಯುತ್ತದೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಸಣ್ಣ ಊರಿನಿಂದ ಮೊದಲ ಪೆಟ್ಟಿಗೆ ಹೊರಬಂತು. ಮೂರು ಸಣ್ಣ ಪುಸ್ತಕ, ಮೊದಲ ಮುದ್ರಣ 1000 ಪ್ರತಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಅದಕ್ಕೂ ಮೊದಲು ಗೈಗ್ಯಾಕ್ಸ್ ಮನೆಯ ಬೇಸ್‌ಮೆಂಟಿನಲ್ಲಿ ಮರಳು ತುಂಬಿದ ದೊಡ್ಡ ಮೇಜಿನ ಮೇಲೆ ಗೆಳೆಯರು ಸೇರಿ ಪುಟ್ಟ ಪುಟ್ಟ ಸೈನಿಕರ ಗೊಂಬೆ ಇಟ್ಟು ಯುದ್ಧದ ಆಟ ಆಡುತ್ತಿದ್ದರು. ವಿಸ್ಕಾನ್ಸಿನ್‌ನಲ್ಲಿ ಚಳಿಗಾಲ ಅಂದರೆ ತಿಂಗಳುಗಟ್ಟಲೆ ಹಿಮ. ಹೊರಗೆ ಹೋಗುವ ಹಾಗಿಲ್ಲ, ಮನೆಯ ಕೆಳಗೆ ಬೆಚ್ಚಗಿನ ಜಾಗ ಇದೆ, ಅಲ್ಲಿ ಕೂತರು. ಬೇಸ್‌ಮೆಂಟೂ ಬಿಳಿಚಿದ ಚರ್ಮವೂ ಆ ಹವೆಯ ವಿಷಯ ಅಂತ ನನಗನ್ನಿಸುತ್ತದೆ. ಅದನ್ನು ತಂದು ಇಲ್ಲಿಯ ಸೆಕೆಯಲ್ಲಿ ಕೂರಿಸಿದರೆ ಏನರ್ಥ?

ಆ ಮೊದಲ ಗುಂಪಿನವರೂ ಚಿತ್ರದಲ್ಲಿ ಇರುವಂಥವರಲ್ಲ. ಗೈಗ್ಯಾಕ್ಸ್ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದವರು, ಕೆಲಸ ಹೋದ ಮೇಲೆ ಚಪ್ಪಲಿ, ಬೂಟು ರಿಪೇರಿ ಮಾಡಿ ಸಂಸಾರ ನಡೆಸಿದವರು. ಮನೆ ತುಂಬ ಮಕ್ಕಳಿದ್ದ ತಂದೆ. ಇದಕ್ಕೂ ಮೊದಲು 1969ರಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪಾತ್ರ ಕೊಟ್ಟು ನೋಡಿದ ಡೇವಿಡ್ ವೆಸ್ಲಿ ಸೈನ್ಯದ ಮೀಸಲು ಪಡೆಯಲ್ಲಿದ್ದವರು. ಈ ಆಟದ ಆಟಗಾರರೇ ಬರೆದು ಹಂಚಿಕೊಳ್ಳುತ್ತಿದ್ದ ಒಂದು ಪತ್ರಿಕೆಯನ್ನು 1975ರಲ್ಲಿ ಶುರುಮಾಡಿ ದಶಕಗಳ ಕಾಲ ನಡೆಸಿದ್ದು ಲಾಸ್ ಏಂಜಲಿಸ್‌ನ ಲೀ ಗೋಲ್ಡ್ ಎಂಬ ಹೆಂಗಸು. ಆಟಕ್ಕೆ ಆಗ ಒಂದೇ ವರ್ಷ ವಯಸ್ಸು. ಹೆಂಗಸರು ಆಮೇಲೆ ಬಂದರು ಅನ್ನೋದು ಸುಳ್ಳು. ಕಮ್ಮಿ ಇದ್ದರು, ಇದ್ದರು.

ಚಿತ್ರಕ್ಕೆ ಕತ್ತಲ ಬಣ್ಣ ಬಳಿದದ್ದು 1979ರ ಒಂದು ಘಟನೆ. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಹುಡುಕಲು ನೇಮಿಸಿದ್ದ ಖಾಸಗಿ ಪತ್ತೇದಾರ, ಹುಡುಗ ಕ್ಯಾಂಪಸ್ಸಿನ ಕೆಳಗಿನ ಸುರಂಗದಲ್ಲಿ ಈ ಆಟ ಆಡಲು ಹೋಗಿ ಕಳೆದುಹೋಗಿರಬಹುದು ಅಂದ. ಪತ್ರಿಕೆಗಳು ಅದನ್ನೇ ಹಿಡಿದುಕೊಂಡವು. ಹುಡುಗ ಆಮೇಲೆ ಬೇರೆ ರಾಜ್ಯದಲ್ಲಿ ಸಿಕ್ಕ. ಅವನ ಸಂಕಟಕ್ಕೆ ಕಾರಣ ಓದಿನ ಒತ್ತಡ, ಒಂಟಿತನ, ಖಿನ್ನತೆ. ಮರುವರ್ಷ ಅವನು ತೀರಿಕೊಂಡ. ಒಂದು ಮಗುವಿನ ದುಃಖವನ್ನು ಕೇಳಿಸಿಕೊಳ್ಳುವ ಬದಲು ಆಟದ ಮೇಲೆ ಹಾಕಿ ಕೈ ತೊಳೆದುಕೊಂಡರು. ಅಲ್ಲಿಂದ ಮುಂದೆ ಈ ಆಟ ಆಡುವವನು ಅಂದರೆ ಕತ್ತಲಲ್ಲಿ ಇರುವವನು, ಜನ ಸೇರದವನು ಅನ್ನೋದು ಗಟ್ಟಿಯಾಯಿತು. ಆ ಕತ್ತಲಿಗೆ ತಕ್ಕ ದೇಹವನ್ನು ಟಿವಿಯವರು ಕೊಟ್ಟರು. ಹಾಸ್ಯ ಪಾತ್ರ ಬೇಕಾದಾಗಲೆಲ್ಲ ದಪ್ಪದವನ ಕೈಗೆ ದಾಳ.

ಈಗ ನಮ್ಮ ಟೇಬಲ್ಲಿಗೆ ಬರುತ್ತೇನೆ. ಮಾಟುಂಗಾದ ಹಳೇ ಕಟ್ಟಡವೊಂದರ ಎರಡನೇ ಮಹಡಿ, ಗೆಳತಿಯ ಮನೆ, ಭಾನುವಾರ ಮಧ್ಯಾಹ್ನ. ಎಲ್ಲರೂ ಕನ್ನಡದವರು, ಅಂದರೆ ಮುಂಬೈ ಕನ್ನಡದವರು, ಮಾತಿನ ಮಧ್ಯೆ ತುಳು, ಮರಾಠಿ, ಹಿಂದಿ ಎಲ್ಲ ಬರುತ್ತದೆ. ಒಬ್ಬ ಪರೇಲ್ ಕಡೆಯ ಕಬಡ್ಡಿ ಹುಡುಗ. ಮಣ್ಣಿನ ಅಂಗಳದಲ್ಲಿ ರೇಡ್ ಮಾಡಿ ಮಾಡಿ ಮೊಣಕಾಲಿನ ಚರ್ಮ ಒರಟಾಗಿದೆ, ತೊಡೆ ಕಂಬದ ಥರ. ಅವನು ಆಡುವುದು ವಿಝರ್ಡ್, ಅಂದರೆ ಮಂತ್ರವಾದಿ. ಶಕ್ತಿ 8, ಮುದುಕ, ಮೆಟ್ಟಿಲು ಹತ್ತಿದರೆ ಏದುಸಿರು. ಆ ಮುದುಕ ಒಂದು ಸೇತುವೆ ದಾಟುವುದನ್ನು ಅವನು ಎಷ್ಟು ಪ್ರೀತಿಯಿಂದ ಹೇಳಿದ ಅಂದರೆ, ಪ್ರತಿ ಹೆಜ್ಜೆಗೂ ಕೈ ಎಲ್ಲಿ ಊರಿದ, ಉಸಿರು ಎಲ್ಲಿ ಹಿಡಿದ ಅಂತ, ನಾವು ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ದೇಹದ ಬಗ್ಗೆ ಅಷ್ಟು ಗೊತ್ತಿರುವುದು ದೇಹ ದುಡಿಸಿದವನಿಗೇ.

ಇನ್ನೊಬ್ಬರು ವಡಾಲಾದ ಕಡೆ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುವ ಅಣ್ಣ. ನಮಗಿಂತ ತುಂಬ ದೊಡ್ಡವರು, ಅವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಎಲ್‌ಐಸಿಯಿಂದ ರಿಟೈರ್ ಆದ ಅಕ್ಕ ಒಬ್ಬರಿದ್ದಾರೆ, ಶುಗರ್ ಇದೆ, ಟೀಗೆ ಸಕ್ಕರೆ ಹಾಕುವುದಿಲ್ಲ, ಆಟದಲ್ಲಿ ಮಾತ್ರ ಅವರು ಹದಿನೆಂಟರ ಕಳ್ಳಿ, ಬೀಗ ತೆಗೆಯುವುದರಲ್ಲಿ ಎತ್ತಿದ ಕೈ. ಮೊದಮೊದಲು ಅಕ್ಕ ಒಂದು ಗೇಮ್ ಕೆಫೆಗೆ ಹೋದಾಗ ಅಲ್ಲಿಯ ಹುಡುಗ "ಮಗನನ್ನು ಕರೆದುಕೊಂಡು ಹೋಗೋಕೆ ಬಂದ್ರಾ ಆಂಟಿ?" ಅಂತ ಕೇಳಿದ್ದನಂತೆ. ಅಕ್ಕ ಶಾಂತವಾಗಿ ತಮ್ಮ ದಾಳದ ಚೀಲ ಟೇಬಲ್ಲಿನ ಮೇಲಿಟ್ಟರು. ಆದರೂ ಆ ಕೆಫೆಗೆ ಮತ್ತೆ ಹೋಗಲಿಲ್ಲ.

ಆಮೇಲೆ ನಮ್ಮ ಅಕೌಂಟ್ಸ್ ಗೆಳೆಯ. ಲೋವರ್ ಪರೇಲಿನ ಆಫೀಸಿನಲ್ಲಿ ಕೆಲಸ. ಅವನು ದಪ್ಪ. ಕನ್ನಡಕ ಇದೆ. ಮೈ ಬೇಗ ಬೆವರುತ್ತದೆ. ಆ ಚಿತ್ರಕ್ಕೆ ಅಚ್ಚೊತ್ತಿದ ಹಾಗೆ ಕೂರುತ್ತಾನೆ. ನಾನು ಈ ಬರಹ ಬರೆಯುತ್ತಿರುವುದು ಅವನಿಗಾಗಿಯೇ ಅಂದರೂ ತಪ್ಪಿಲ್ಲ.

ಯಾಕೆಂದರೆ ನಾವು ಆಟಗಾರರು ಈ ಚಿತ್ರಕ್ಕೆ ಉತ್ತರ ಕೊಡುವ ರೀತಿಯೇ ನನಗೆ ಸರಿ ಅನ್ನಿಸುವುದಿಲ್ಲ. ಯಾರಾದರೂ "ಅದು ದಪ್ಪ ಹುಡುಗರ ಆಟ ಅಲ್ವಾ?" ಅಂದ ಕೂಡಲೇ ನಮ್ಮ ಬಾಯಿಗೆ ಹೆಸರುಗಳು ಬರುತ್ತವೆ. ಹಾಲಿವುಡ್ ನಟ ವಿನ್ ಡೀಸೆಲ್ ಆಡುತ್ತಾನೆ, ಆಟದ 30 ವರ್ಷದ ಪುಸ್ತಕಕ್ಕೆ ಮುನ್ನುಡಿ ಬರೆದಿದ್ದಾನೆ. ಇನ್ನೊಬ್ಬ ನಟ ಜೋ ಮ್ಯಾಂಗನೆಲ್ಲೋ ಆಡುತ್ತಾನೆ, ಅವನ ತೋಳು ನೋಡಿದ್ದೀರಾ? 2015ರಿಂದ ನೆಟ್ಟಿನಲ್ಲಿ ಆಡಿ ತೋರಿಸುತ್ತಿರುವ ಕ್ರಿಟಿಕಲ್ ರೋಲ್ ತಂಡದವರನ್ನು ನೋಡಿ, ಎಷ್ಟು ಚೆಂದ ಇದ್ದಾರೆ. ಆಡುವವರಲ್ಲಿ ನೂರಕ್ಕೆ ಸುಮಾರು 40 ಜನ ಹೆಂಗಸರು ಅಂತ ಆಟದ ಕಂಪನಿಯವರೇ ಹೇಳಿದ್ದಾರೆ. ಎಲ್ಲ ನಿಜ. ಎಲ್ಲ ಹೇಳಬೇಕಾದ್ದೇ. ಆದರೆ ಈ ಪಟ್ಟಿ ಓದುವಾಗ ಟೇಬಲ್ಲಿನ ಆ ತುದಿಯಲ್ಲಿ ಕೂತ ಗೆಳೆಯನಿಗೆ ಏನು ಕೇಳಿಸುತ್ತದೆ? ನಿನ್ನಂಥವರಿಂದಲೇ ನಮಗೆ ಕೆಟ್ಟ ಹೆಸರು, ನೋಡು, ನಾವು ಸುಂದರವಾದವರನ್ನು ಮುಂದೆ ನಿಲ್ಲಿಸಿ ನಿನ್ನನ್ನು ಹಿಂದೆ ಮುಚ್ಚಿಡುತ್ತಿದ್ದೇವೆ. ಅಷ್ಟೇ ಕೇಳಿಸುವುದು. ದಪ್ಪ ಇರುವುದು ನಾಚಿಕೆಯ ವಿಷಯ ಅಂತ ಬೈದವನೂ ಒಪ್ಪಿದ, ಉತ್ತರ ಕೊಟ್ಟ ನಾವೂ ಒಪ್ಪಿದೆವು. ಜಗಳ ಇದ್ದದ್ದು ಎಷ್ಟು ಜನ ದಪ್ಪ ಇದ್ದಾರೆ ಅನ್ನೋದರ ಬಗ್ಗೆ ಮಾತ್ರ.

ಅವನ ಆಫೀಸಿನಲ್ಲಿ ಇವನು ಆಡುತ್ತಾನೆ ಅಂತ ಗೊತ್ತಾದಾಗ ಯಾರೂ ಆಶ್ಚರ್ಯಪಡಲಿಲ್ಲವಂತೆ. "ನೋಡಿದರೇ ಗೊತ್ತಾಗುತ್ತೆ ಬಿಡು" ಅಂದರಂತೆ. ನನಗೆ ಸಿಗುವ ಹೊಗಳಿಕೆಯ ಇನ್ನೊಂದು ಮುಖ ಇದು. ನಾನು ಆ ಥರ ಕಾಣುವುದಿಲ್ಲ, ಅವನು ಕಾಣುತ್ತಾನೆ. ಅದಾದ ಮೇಲೆ ಕೆಲವು ತಿಂಗಳು ಅವನು ಬರಲಿಲ್ಲ. ಕೆಲಸ ಜಾಸ್ತಿ ಅಂದ. ಅವನ ಪಾತ್ರ, ಹಾಡು ಹೇಳುತ್ತಾ ಊರೂರು ತಿರುಗುವ ಬಾರ್ಡ್, ನಮ್ಮ ಕತೆಯಲ್ಲಿ ಒಂದು ಛತ್ರದಲ್ಲಿ ಜ್ವರ ಬಂದು ಮಲಗಿದ್ದ ಹಾಗೆ ನಾನು ಇಟ್ಟುಕೊಂಡೆ. ಬೇರೆ ಯಾರಿಗೂ ಆ ಪಾತ್ರ ಕೊಡಲಿಲ್ಲ. ಅವನು ಬಂದ ದಿನ ಬಾರ್ಡ್ ಎದ್ದು ಕೂತ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ಗಂಟೆ ಕೂತು ಚಕ್ಕುಲಿ, ಚಿಪ್ಸ್ ತಿಂದರೆ ಮೈಗೆ ಒಳ್ಳೆಯದಲ್ಲ, ನಿಜ. ಆಫೀಸಿನಲ್ಲಿ ಒಂಬತ್ತು ಗಂಟೆ ಕೂತರೂ ಒಳ್ಳೆಯದಲ್ಲ, ಕ್ರಿಕೆಟ್ ಮ್ಯಾಚ್ ನೋಡುತ್ತಾ ಇಡೀ ದಿನ ಸೋಫಾದಲ್ಲಿ ಬಿದ್ದರೂ ಅಲ್ಲ. ಅವರ ದೇಹದ ಬಗ್ಗೆ ಯಾರೂ ಚಿತ್ರ ಬರೆಯುವುದಿಲ್ಲ. ಇನ್ನು ಬೆವರಿನ ವಾಸನೆ. ಮೇ ತಿಂಗಳಲ್ಲಿ ಸಂಜೆ ವಿರಾರ್ ಲೋಕಲ್‌ನಲ್ಲಿ ನಿಂತು ಬಂದವರು ಯಾರು ಬೆವರದೆ ಇಳಿಯುತ್ತಾರೆ?

ಮುಂಬೈಯಲ್ಲಿ ಇರುವ ಕನ್ನಡದವರಿಗೆ "ನೀವು ಆ ಥರ ಕಾಣಲ್ಲ" ಅನ್ನೋ ಮಾತು ಹೊಸದಲ್ಲ. ನಾನು ಚಿಕ್ಕಂದಿನಿಂದ ಕೇಳಿದ ಇನ್ನೊಂದು ಹೊಗಳಿಕೆ, "ನೀನು ಸೌತ್ ಇಂಡಿಯನ್ ಥರ ಕಾಣೋದೇ ಇಲ್ಲ". ಸ್ವಲ್ಪ ಬೆಳ್ಳಗಿದ್ದರೆ ಹಾಗನ್ನುತ್ತಾರೆ. ಅಂದರೆ ನನ್ನ ಅಜ್ಜಿ, ನನ್ನ ಚಿಕ್ಕಪ್ಪ, ಕಪ್ಪಗಿರುವ ನನ್ನ ತಮ್ಮ ಎಲ್ಲ ಆ ಥರ ಕಾಣುತ್ತಾರೆ, ನಾನೊಬ್ಬಳು ಪಾರಾದೆ. 1960ರ ದಶಕದ ಕೊನೆಯಲ್ಲಿ ಈ ಊರಿನಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಲುಂಗಿ, ಪುಂಗಿ ಸೇರಿಸಿ ಘೋಷಣೆ ಕೂಗಿದರು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಮನುಷ್ಯನನ್ನು ಗುರುತು ಹಿಡಿದದ್ದು ಸೊಂಟದ ಬಟ್ಟೆಯಿಂದ, ಮೈಬಣ್ಣದಿಂದ. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ ವಕೀಲರು, ಬ್ಯಾಂಕಿನವರು ಆದ ಹುಡುಗರು ಆ ಲುಂಗಿಯೊಳಗೆ ಇದ್ದರು ಅಂತ ಯಾರು ಕೇಳಿದರು? ಎರಡೂ ನೋವು ಒಂದೇ ತೂಕದ್ದು ಅಂತ ನಾನು ಹೇಳುತ್ತಿಲ್ಲ. ಕಲ್ಲು ಬೇರೆ, ನಗು ಬೇರೆ. ಆದರೆ ಕಣ್ಣು ನೋಡುವ ರೀತಿ ಒಂದೇ, ಮೊದಲು ದೇಹ ನೋಡು, ಆಮೇಲೆ ಇವನು ಏನು, ಇವನಿಗೆ ಏನು ಬರುತ್ತದೆ ಅಂತ ಅಲ್ಲಿಂದಲೇ ಓದು.

ನಮ್ಮಲ್ಲಿ ಬೇರೆ ಥರದ ಕಣ್ಣೂ ಇದೆ. ತಾಳಮದ್ದಳೆಗೆ ಹೋದವರಿಗೆ ಗೊತ್ತು. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬರುತ್ತಾರೆ, ಸಂಘದ ಹಾಲ್‌ಗಳಲ್ಲಿ ಕೂಟ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕಿರೀಟ ಇಲ್ಲ. ಬಿಳಿ ಪಂಚೆ, ಹೆಗಲ ಮೇಲೊಂದು ಶಾಲು, ಕೂತಲ್ಲೇ ಅರ್ಥ ಹೇಳುವುದು. ಭಾಗವತರು ಪದ ಹೇಳಿ ಸನ್ನಿವೇಶ ಕಟ್ಟಿಕೊಡುತ್ತಾರೆ, ಅರ್ಥಧಾರಿಗಳು ಅಲ್ಲೇ ಹುಟ್ಟಿಸಿಕೊಂಡು ಮಾತಾಡುತ್ತಾರೆ. ಎದುರಿನವನು ಏನು ಕೇಳುತ್ತಾನೆ ಅಂತ ಮೊದಲೇ ಪೂರ್ತಿ ಗೊತ್ತಿರುವುದಿಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹೊಟ್ಟೆ ಮುಂದೆ ಬಂದ, ತಲೆ ಬೋಳಾದ, ಕನ್ನಡಕ ಹಾಕಿದ ಹಿರಿಯರೊಬ್ಬರು ವಾಲಿಯಾಗಿ ಕೂತಿದ್ದರು. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡಲು ಶುರುಮಾಡಿದ. ಹಾಲಿನಲ್ಲಿ ಇದ್ದವರಿಗೆ ಕಂಡದ್ದು ಕಪಿರಾಜ. ಇವರು ದಪ್ಪ ಇದ್ದಾರಲ್ಲ, ವಾಲಿ ಹೇಗಾಗುತ್ತಾರೆ ಅಂತ ಯಾರ ಮನಸ್ಸಿಗೂ ಬರಲಿಲ್ಲ. ಬಂದಿದ್ದರೆ ಅವರು ಕೂಟ ನೋಡಲು ಲಾಯಕ್ಕಲ್ಲ.

ಟೇಬಲ್ಲಿನಲ್ಲಿ ನಾವು ಮಾಡುವುದು ಇದಕ್ಕೆ ಬಹಳ ಹತ್ತಿರ. ವ್ಯತ್ಯಾಸ ಅಂದರೆ ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ನಮ್ಮಲ್ಲಿ ದಾಳ ಉರುಳುವವರೆಗೆ ನನಗೂ ಗೊತ್ತಿರುವುದಿಲ್ಲ. ಹೋಟೆಲ್ ಅಣ್ಣನಿಗೆ ಆಟ ಹಿಡಿಸಿದ್ದೇ ಹೀಗೆ. ಮೊದಲ ದಿನ ನಿಯಮ ವಿವರಿಸಲು ಹೊರಟೆ. ಅಣ್ಣ ಕೈ ಎತ್ತಿ ನಿಲ್ಲಿಸಿದರು. "ಗೊತ್ತಾಯ್ತು ಮಗಾ, ನೀನು ಭಾಗವತರು. ಪದ ಹೇಳು, ನಾನು ಅರ್ಥ ಹೇಳ್ತೇನೆ" ಅಂದರು. ಆಮೇಲೆ ಅವರಿಗೆ ನಾನು ಕಲಿಸಿದ್ದು ಕಮ್ಮಿ.

ಆಟದ ಒಳಗೂ ಎಲ್ಲ ಚೆನ್ನಾಗಿತ್ತು ಅಂತಲ್ಲ. ಇದನ್ನು ಆಟ ಪ್ರೀತಿಸುವವರು ಹೇಳದೆ ಬೇರೆಯವರು ಹೇಳಿದರೆ ಸರಿಯಾಗುವುದಿಲ್ಲ. 1978ರ ನಿಯಮ ಪುಸ್ತಕದಲ್ಲಿ ಮಾನವ ಫೈಟರ್‌ಗೆ, ಅಂದರೆ ಕಾದಾಡುವ ಪಾತ್ರಕ್ಕೆ, ಶಕ್ತಿ 18 ಬಂದರೆ, ಅದರ ಮೇಲೆ ಇನ್ನೊಂದು ಅಳತೆ, 100ರವರೆಗೆ. ಗಂಡಾದರೆ 100ರವರೆಗೂ ಹೋಗಬಹುದು. ಹೆಣ್ಣಾದರೆ 50ಕ್ಕೆ ನಿಲ್ಲಿಸಿದ್ದರು. ಡ್ರ್ಯಾಗನ್ ಹಾರುವ, ಸತ್ತವರು ಎದ್ದು ಬರುವ ಲೋಕದಲ್ಲಿ ಹೆಂಗಸಿನ ತೋಳು ಮಾತ್ರ ವಾಸ್ತವಕ್ಕೆ ತಕ್ಕ ಹಾಗಿರಬೇಕಿತ್ತು. 1989ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಕುಲದ ವಿಷಯ ಇನ್ನೂ ಬಹಳ ವರ್ಷ ಉಳಿಯಿತು. ಆರ್ಕ್ ಅನ್ನೋ ಕಾಲ್ಪನಿಕ ಕುಲದಲ್ಲಿ ಹುಟ್ಟಿದವನಿಗೆ ಶಕ್ತಿ ಜಾಸ್ತಿ, ಬುದ್ಧಿ ಕಮ್ಮಿ, ಅಂಕಿಯಲ್ಲೇ ಬರೆದಿಟ್ಟಿದ್ದರು. ಇದನ್ನು ಓದುವಾಗ ನಮ್ಮ ದೇಶದವರಿಗೆ ಹರ್ಬರ್ಟ್ ರಿಸ್ಲಿ ನೆನಪಾಗಬೇಕು. 1901ರ ಜನಗಣತಿ ನಡೆಸಿದ ಬ್ರಿಟಿಷ್ ಅಧಿಕಾರಿ. ಮೂಗಿನ ಅಗಲ, ಉದ್ದ ಅಳೆದು, ಅದರಿಂದ ಜಾತಿಗಳ ಮೇಲು ಕೀಳು ಲೆಕ್ಕ ಹಾಕಬಹುದು ಅಂತ ನಂಬಿದ್ದವನು. ಇಂಥ ಕುಲದವರು ಯುದ್ಧಕ್ಕೆ ಹುಟ್ಟಿದವರು, ಇಂಥವರು ಅಲ್ಲ ಅಂತ ಸೈನ್ಯಕ್ಕೆ ಜನ ಆರಿಸಿದ್ದೂ ಅದೇ ಸರ್ಕಾರ. ಆಟದ ಪುಸ್ತಕದ ಆ ಪುಟಕ್ಕೂ ಈ ಯೋಚನೆಗೂ ನಂಟಿದೆ ಅಂತ ನನ್ನ ಗಟ್ಟಿ ಅಭಿಪ್ರಾಯ.

2020ರಲ್ಲಿ ಬಂದ ಪುಸ್ತಕ, ಕುಲದಿಂದ ಬರುವ ಹೆಚ್ಚಳವನ್ನು ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದು ಅಂತ ಬಾಗಿಲು ತೆರೆಯಿತು. ಅದೇ ವರ್ಷ ಸಾರಾ ಥಾಂಪ್ಸನ್ ಅನ್ನುವವರು ಯುದ್ಧಕ್ಕೆ ಹೋಗಬಲ್ಲ ಗಾಲಿಕುರ್ಚಿಯ ನಿಯಮ ಬರೆದು ಎಲ್ಲರಿಗೂ ಪುಕ್ಕಟೆ ಹಂಚಿದರು. ಗಾಲಿಕುರ್ಚಿಯಲ್ಲಿ ಇರುವ ವೀರ ಹೇಗೆ ಸಾಧ್ಯ ಅಂತ ಕೂಗಾಡಿದವರು ಎಷ್ಟೋ ಜನ. ಬೆಂಕಿ ಉಗುಳುವ ಹಲ್ಲಿಯನ್ನು ಅವರು ಒಪ್ಪಿಕೊಂಡಿದ್ದರು.

ಈ ಗಾಲಿಕುರ್ಚಿ ನಮ್ಮ ಟೇಬಲ್ಲಿಗೂ ಬಂದಿದೆ, ನಿಯಮದ ರೂಪದಲ್ಲಲ್ಲ. ಅಕ್ಕನ ಪರಿಚಯದ ಒಬ್ಬ ಹುಡುಗಿ, ಸಾಯನ್ ಕಡೆಯವಳು, ಆಟಕ್ಕೆ ಬರಬೇಕು ಅಂತ ತುಂಬ ಆಸೆಪಟ್ಟಿದ್ದಾಳೆ. ಅವಳು ಗಾಲಿಕುರ್ಚಿ ಬಳಸುತ್ತಾಳೆ. ನಾವು ಇರುವುದು ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ. ದೇಹದ ಬಗ್ಗೆ ಮಾತಾಡಲೇಬೇಕಾದ ಜಾಗ ಅಂದರೆ ಇದು. ಯಾರು ಹೇಗೆ ಕಾಣುತ್ತಾರೆ ಅನ್ನೋದಲ್ಲ, ಯಾರು ಬಂದು ಕೂರಬಹುದು ಅನ್ನೋದು. ಗೇಮ್ ಕೆಫೆಗಳ ಎತ್ತರದ ಸಣ್ಣ ಸ್ಟೂಲಿನಲ್ಲಿ ನಮ್ಮ ಅಕೌಂಟ್ಸ್ ಗೆಳೆಯ ನಾಲ್ಕು ಗಂಟೆ ಕೂರಲಾರ. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಅವನ ಸೊಂಟ ಹಿಡಿಯುತ್ತದೆ. ಅವನು ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಎದ್ದಾಗ ಪ್ಯಾಂಟ್ ಸರಿ ಮಾಡಿಕೊಳ್ಳುವುದನ್ನು ಗೆಳತಿ ಗಮನಿಸಿದಳು. ನಾವು ಕೈ ಇಲ್ಲದ ಅಗಲದ ಮರದ ಕುರ್ಚಿ ತಂದೆವು, ಎಲ್ಲರಿಗೂ ಒಂದೇ ಥರದ್ದು, ಅವನೊಬ್ಬನಿಗೆ ಅಂತ ಕಾಣಬಾರದು ಅಂತ. ಅಕ್ಕನಿಗೆ ರಾತ್ರಿ ತಡವಾದರೆ ಲೋಕಲ್ ಹತ್ತುವುದು ಕಷ್ಟ, ಅದಕ್ಕೆ ಆಟ ಏಳೂವರೆಗೆ ನಿಲ್ಲುತ್ತದೆ, ಡ್ರ್ಯಾಗನ್ ಬಾಯಿ ತೆರೆದಿದ್ದರೂ ಸರಿ.

ಉಳಿದಿರುವುದು ಮೆಟ್ಟಿಲು. ಹುಡುಗಿಯನ್ನು ಎತ್ತಿಕೊಂಡು ಬರುತ್ತೇನೆ ಅಂತ ಕಬಡ್ಡಿ ಹುಡುಗ ಹೇಳಿದ, ಅವನ ಮನಸ್ಸು ಒಳ್ಳೆಯದು. ಅವಳು ಬೇಡ ಅಂದಳು, ಅದೂ ಸರಿಯೇ. ತಾನೇ ಗಾಲಿ ತಳ್ಳಿಕೊಂಡು ಬಂದು ಕೂರುವ ಜಾಗ ಅವಳಿಗೆ ಬೇಕು. ಮಾಟುಂಗಾ, ವಡಾಲಾ, ಸಾಯನ್ ಆಸುಪಾಸಿನಲ್ಲಿ ನೆಲಮಹಡಿಯ ಕೋಣೆ ಹುಡುಕುತ್ತಿದ್ದೇವೆ. ಬಾಗಿಲಿಗೆ ಹೊಸಿಲು ಎತ್ತರ ಇರಬಾರದು, ಗಾಲಿಕುರ್ಚಿ ಒಳಗೆ ಹೋಗುವಷ್ಟು ಅಗಲದ ಬಾತ್‌ರೂಮ್ ಇರಬೇಕು, ಫ್ಯಾನ್ ಚೆನ್ನಾಗಿ ತಿರುಗಬೇಕು, ಭಾನುವಾರ ಮಧ್ಯಾಹ್ನ ಮೂರರಿಂದ ಏಳೂವರೆ. ಬಾಡಿಗೆ ಕೊಡುತ್ತೇವೆ. ಸಂಘದ ಹಾಲ್ ಆಗಲಿ, ಶಾಲೆಯ ಕೋಣೆ ಆಗಲಿ, ನಿಮಗೆ ಗೊತ್ತಿರುವ ಜಾಗ ಇದ್ದರೆ ದಯವಿಟ್ಟು ತಿಳಿಸಿ. ಅವಳ ಪಾತ್ರ ಆಗಲೇ ತಯಾರಿದೆ, ರೋಷದಿಂದ ಕಾದಾಡುವ ಬಾರ್ಬೇರಿಯನ್, ಶಕ್ತಿ 17.